ಹೇಳಿಕೆ ಆಮೇಲೆ, ಮೊದಲು ಹಡಗು ನೋಡಿ: ‘ಡ್ರಗ್ಸ್ ವಿರುದ್ಧದ ಸಮರ’ದ ಸುದ್ದಿಯನ್ನು ಬಿಡಿಸಿ ಓದುವ ಕ್ರಮ

1990ರ ಜನವರಿ 3ರಂದು ಪನಾಮಾದ ಸರ್ವಾಧಿಕಾರಿ ಜನರಲ್ ಮ್ಯಾನುಯೆಲ್ ನೊರಿಯೆಗಾ ಅಮೆರಿಕದ ಸೈನಿಕರಿಗೆ ಶರಣಾದ. ಸರಿಯಾಗಿ 36 ವರ್ಷದ ನಂತರ, 2026ರ ಜನವರಿ 3ರ ನಸುಕಿನಲ್ಲಿ, ಅದೇ ಅಮೆರಿಕದ ಸೇನೆ ವೆನೆಜುವೆಲಾದ ರಾಜಧಾನಿ ಕರಾಕಸ್ ಮೇಲೆ ದಾಳಿ ಮಾಡಿ ಅಧ್ಯಕ್ಷ ನಿಕೊಲಸ್ ಮಡುರೊ ಮತ್ತು ಪತ್ನಿ ಸಿಲಿಯಾ ಫ್ಲೋರೆಸ್ ಅವರನ್ನು ಹಿಡಿದು ನ್ಯೂಯಾರ್ಕ್‌ಗೆ ಒಯ್ದಿತು. ಎರಡೂ ಸಲ ಆರೋಪಪಟ್ಟಿಯಲ್ಲಿದ್ದದ್ದು ಕೊಕೇನ್. ಎರಡೂ ಸಲ ಸುಳಿವುಗಳು ತಿಂಗಳುಗಟ್ಟಲೆ ಮೊದಲೇ ಸುದ್ದಿಯಲ್ಲಿ ಚೆಲ್ಲಿಕೊಂಡಿದ್ದವು. ಅವನ್ನು ಹೆಕ್ಕುವ ಕ್ರಮ ಇಲ್ಲಿದೆ. ಬೇಕಾದದ್ದು ಒಂದು ಭೂಪಟ, ತಾರೀಖು ಬರೆದಿಡಲು ಒಂದು ಪುಸ್ತಕ, ಸ್ವಲ್ಪ ಗುಣಾಕಾರ.

ಯಾವ ಡ್ರಗ್ಸ್?

‘ಮಾದಕ ವಸ್ತು’ ಎಂಬ ಒಂದೇ ಪದದಲ್ಲಿ ಎರಡು ಬೇರೆ ಬೇರೆ ದಂಧೆಗಳು ಅಡಗಿಬಿಡುತ್ತವೆ. ಅಮೆರಿಕದಲ್ಲಿ ಅತಿ ಹೆಚ್ಚು ಜನರನ್ನು ಕೊಲ್ಲುತ್ತಿರುವುದು ಫೆಂಟನಿಲ್ ಎಂಬ ಕೃತಕ ಮಾದಕ. ಅದಕ್ಕೆ ಹೊಲ ಬೇಡ. ಚೀನಾದಿಂದ ಬರುವ ರಾಸಾಯನಿಕಗಳಿಂದ ಮೆಕ್ಸಿಕೊದಲ್ಲಿ ತಯಾರಾಗಿ, ಹೆಚ್ಚಾಗಿ ಭೂಗಡಿಯ ತಪಾಸಣಾ ಠಾಣೆಗಳ ಮೂಲಕವೇ ವಾಹನಗಳಲ್ಲಿ ದಾಟುತ್ತದೆ. ಕೊಕೇನ್‌ಗೆ ಕೋಕಾ ಎಲೆ ಬೇಕು. ಅದು ಬೆಳೆಯುವುದು ಕೊಲಂಬಿಯಾ, ಪೆರು, ಬೊಲಿವಿಯಾಗಳಲ್ಲಿ. ಕೊಲಂಬಿಯಾ ಒಂದರಲ್ಲೇ 2023ರಲ್ಲಿ 2,53,000 ಹೆಕ್ಟೇರ್. ವೆನೆಜುವೆಲಾ ಮುಖ್ಯವಾಗಿ ಸಾಗಣೆಯ ದಾರಿ. ಹಾಗಾಗಿ ಫೆಂಟನಿಲ್ ಸಾವಿನ ಅಂಕಿ ಹೇಳಿ ಕೊಕೇನ್ ದಾರಿಯ ಮೇಲೆ ಬಾಂಬ್ ಹಾಕುವ ಮಾತು ಬಂದರೆ, ಅಲ್ಲೇ ಪೆನ್ನು ನಿಲ್ಲಿಸಿ ಗುರುತು ಹಾಕಿ.

ಆಮೇಲೆ ಗುಣಿಸಿ. 2025ರ ಸೆಪ್ಟೆಂಬರ್‌ನಿಂದ ಅಮೆರಿಕದ ಸೇನೆ, ಡ್ರಗ್ಸ್ ಸಾಗಿಸುತ್ತಿವೆ ಎಂದು ಹೇಳಿ ಕಡಲಲ್ಲಿ ದೋಣಿಗಳನ್ನು ಹೊಡೆಯತೊಡಗಿತ್ತು. ಹೊಡೆದುರುಳಿಸಿದ ಪ್ರತಿ ದೋಣಿಯಿಂದ 25,000 ಅಮೆರಿಕನ್ನರ ಜೀವ ಉಳಿಯಿತು ಎಂದು ಡೊನಾಲ್ಡ್ ಟ್ರಂಪ್ ಹೇಳುತ್ತಿದ್ದರು. ಆ ದೇಶದಲ್ಲಿ 2024ರಲ್ಲಿ ಎಲ್ಲ ಬಗೆಯ ಮಾದಕ ವಸ್ತುಗಳ ಮಿತಿಮೀರಿದ ಸೇವನೆಯಿಂದ ಸತ್ತವರು ಸುಮಾರು 80,000. ಅಂದರೆ ನಾಲ್ಕು ದೋಣಿಗೇ ಇಡೀ ವರ್ಷದ ಸಾವು ಮುಗಿದು ಇನ್ನೂ 20,000 ಮಿಗುತ್ತದೆ. 2025ರ ಕೊನೆಗೆ ಹೊಡೆದ ದೋಣಿಗಳು 30ಕ್ಕೂ ಹೆಚ್ಚು.

ಭೂಪಟ ಬಿಡಿಸಿ

ಕರಾಕಸ್‌ನಿಂದ ಮಯಾಮಿಗೆ ಸುಮಾರು 2,200 ಕಿ.ಮೀ.; ಬೆಂಗಳೂರು–ದೆಹಲಿಯ ವಿಮಾನದಾರಿಗಿಂತ ಉದ್ದ. ತೆರೆದ ದೋಣಿಗೆ ನಡುವೆ ಇಂಧನ ತುಂಬಿಸದೆ ಇದು ಆಗದ ಮಾತು. ಅದೇ ವೆನೆಜುವೆಲಾದ ಪಾರಿಯಾ ಪರ್ಯಾಯದ್ವೀಪದಿಂದ ಟ್ರಿನಿಡಾಡ್‌ಗೆ ಇರುವುದು ಹನ್ನೊಂದು ಕಿ.ಮೀ. ಮಾತ್ರ. 2025ರ ಸೆಪ್ಟೆಂಬರ್ 2ರ ಮೊದಲ ದಾಳಿಯಲ್ಲಿ ಒಂದೇ ದೋಣಿಯಲ್ಲಿ 11 ಜನ ಸತ್ತರು. ಸರಕು ಸಾಗಿಸುವ ದೋಣಿಯಲ್ಲಿ ಒಬ್ಬೊಬ್ಬ ಮನುಷ್ಯನ ತೂಕವೂ ಸರಕಿನ ಜಾಗ ತಿನ್ನುತ್ತದೆ. ಹನ್ನೊಂದು ಜನ ಯಾಕೆ ಎಂಬ ಪ್ರಶ್ನೆ ಅವತ್ತೇ ಏಳಬೇಕಿತ್ತು.

ಇನ್ನೊಂದು ಕಡೆಗೂ ಕಣ್ಣು ಹಾಯಿಸಿ. ಅಮೆರಿಕದ ಮಾದಕ ವಸ್ತು ನಿಗ್ರಹ ಸಂಸ್ಥೆ ಡಿಇಎಯ ಅಂದಾಜಿನಲ್ಲೇ, ಉತ್ತರಕ್ಕೆ ಹೋಗುವ ಕೊಕೇನ್‌ನ ಸುಮಾರು ಮುಕ್ಕಾಲು ಪಾಲು ಹಿಡಿಯುವುದು ಪೆಸಿಫಿಕ್ ದಾರಿಯನ್ನು. ವೆನೆಜುವೆಲಾಕ್ಕೆ ಪೆಸಿಫಿಕ್ ಕರಾವಳಿಯೇ ಇಲ್ಲ.

ಹಡಗಿನ ಜಾತಿ ಗುರುತಿಸುವುದು

ಇದು ಎಲ್ಲಕ್ಕಿಂತ ಉಪಯೋಗದ ಹೆಜ್ಜೆ. ನಾಯಕರು ಮಾತು ಬದಲಿಸಬಹುದು, ಹಡಗು ತನ್ನ ಕಸುಬು ಬದಲಿಸುವುದಿಲ್ಲ.

ಕಳ್ಳಸಾಗಣೆ ಹಿಡಿಯುವ ಕೆಲಸಕ್ಕೆ ಬೇಕಾದ ಸಾಮಾನು ಸಣ್ಣದು. ಕರಾವಳಿ ಕಾವಲು ಪಡೆಯ ಗಸ್ತುಹಡಗು, ಮೇಲಿಂದ ನೋಡುವ ಕಣ್ಗಾವಲು ವಿಮಾನ, ದೋಣಿಯ ಎಂಜಿನ್‌ಗೆ ಗುರಿಯಿಟ್ಟು ಹೊಡೆಯುವ ಬಂದೂಕುಗಾರನಿರುವ ಹೆಲಿಕಾಪ್ಟರ್, ಹತ್ತಿ ತಪಾಸಿಸುವ ತಂಡ. ಈ ಪಹರೆಯನ್ನು ಹೊಂದಿಸುವ ಜಂಟಿ ಕೇಂದ್ರ ಫ್ಲೋರಿಡಾದ ಕೀ ವೆಸ್ಟ್‌ನಲ್ಲಿದೆ. ಎಂಜಿನ್ ಕೆಟ್ಟು ದೋಣಿ ನಿಂತ ಮೇಲೆ ಸರಕು ತೂಗುತ್ತಾರೆ, ಮಾದರಿ ತೆಗೆಯುತ್ತಾರೆ, ಆಳುಗಳನ್ನು ಕೋರ್ಟಿಗೆ ಒಯ್ಯುತ್ತಾರೆ. ನೌಕಾಪಡೆಯ ಹಡಗು ಈ ಕೆಲಸಕ್ಕೆ ಹೋದರೂ, ಬಂಧಿಸುವ ಅಧಿಕಾರಕ್ಕಾಗಿ ಕಾವಲು ಪಡೆಯ ತುಕಡಿಯನ್ನು ಜೊತೆಗೆ ಹತ್ತಿಸಿಕೊಳ್ಳುವುದು ವಾಡಿಕೆ.

2025ರ ಆಗಸ್ಟ್‌ನಿಂದ ಕೆರೀಬಿಯನ್‌ಗೆ ಬಂದ ಪಟ್ಟಿಯನ್ನು ಇದರ ಪಕ್ಕ ಇಡಿ. ಟೊಮಾಹಾಕ್ ಕ್ಷಿಪಣಿ ಹೊತ್ತ ಡಿಸ್ಟ್ರಾಯರ್ ಯುದ್ಧಹಡಗುಗಳು. ಐವೊ ಜಿಮಾ ಹಡಗಿನ ನೇತೃತ್ವದಲ್ಲಿ ಸುಮಾರು 4,500 ನಾವಿಕರು–ಮೆರೀನ್‌ಗಳ (ಕಡಲಿಂದ ದಡಕ್ಕಿಳಿದು ಕಾದುವ ಸೈನಿಕರ) ಗುಂಪು. ಒಂದು ಅಣುಶಕ್ತಿ ಜಲಾಂತರ್ಗಾಮಿ. ಅಮೆರಿಕದ ಅಧೀನದ ದ್ವೀಪ ಪೋರ್ಟೊ ರಿಕೊದಲ್ಲಿ ಎಫ್-35 ಯುದ್ಧವಿಮಾನಗಳು. ಅಲ್ಲೇ 2004ರಲ್ಲಿ ಮುಚ್ಚಿದ್ದ ರೂಸ್‌ವೆಲ್ಟ್ ರೋಡ್ಸ್ ನೌಕಾನೆಲೆಗೆ ಮತ್ತೆ ಜೀವ. ನವೆಂಬರ್‌ನಲ್ಲಿ ವಿಮಾನವಾಹಕ ಜೆರಾಲ್ಡ್ ಆರ್. ಫೋರ್ಡ್. ಶತ್ರು ರೇಡಾರ್ ಕುರುಡಾಗಿಸುವ ಗ್ರೌಲರ್ ವಿಮಾನಗಳೂ ಸೇರಿಕೊಂಡವು. ಕಳ್ಳಸಾಗಣೆಯ ದೋಣಿಯಲ್ಲಿ ರೇಡಾರ್ ಜಾಲ ಎಲ್ಲಿಂದ ಬರಬೇಕು? ಗ್ರೌಲರ್ ಬಂತೆಂದರೆ ಗುರಿ ನೆಲದ ಮೇಲಿನ ವಾಯುರಕ್ಷಣೆ. ಬಿದ್ದ ಪೈಲಟ್‌ಗಳನ್ನು ಎತ್ತಿ ತರುವ ರಕ್ಷಣಾ ಹೆಲಿಕಾಪ್ಟರ್‌ಗಳು, ಆಕಾಶದಲ್ಲೇ ಇಂಧನ ತುಂಬುವ ಟ್ಯಾಂಕರ್‌ಗಳು ಕಂಡರೆ ಅನುಮಾನ ಇನ್ನೂ ಗಟ್ಟಿ ಮಾಡಿಕೊಳ್ಳಬಹುದು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎಂದರೆ, ವಿಮಾನವಾಹಕ ಕಂಡ ಕೂಡಲೇ ‘ಆಕ್ರಮಣ ಸನ್ನಿಹಿತ’ ಎಂದು ಶೀರ್ಷಿಕೆ ಹಾಕುವುದು. ದೇಶ ಹಿಡಿದಿಡಲು ಕಾಲಾಳು ಬೇಕು, ಅವರನ್ನು ಎಣಿಸಿ. 1989ರಲ್ಲಿ ಪನಾಮಾಕ್ಕೆ ಸುಮಾರು 27,000 ಸೈನಿಕರು ಬೇಕಾದರು. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಪನಾಮಾ ಕಾಲುವೆಯ ಆಸುಪಾಸಿನ ಅಮೆರಿಕದ ನೆಲೆಗಳಲ್ಲಿ ಮೊದಲೇ ಇದ್ದವರು. ಆ ದೇಶ ಕರ್ನಾಟಕದ ಅರ್ಧದಷ್ಟೂ ಇಲ್ಲ, ಆಗಿನ ಜನಸಂಖ್ಯೆ ಸುಮಾರು 24 ಲಕ್ಷ. ವೆನೆಜುವೆಲಾ ಕರ್ನಾಟಕದ ನಾಲ್ಕೂವರೆ ಪಟ್ಟಿಗಿಂತ ದೊಡ್ಡದು, ಎರಡೂವರೆ ಕೋಟಿಗೂ ಹೆಚ್ಚು ಜನ. ಸುತ್ತಮುತ್ತ ಸೇರಿದ್ದವರು ಸುಮಾರು 15,000, ಅದರಲ್ಲಿ ಬಹುಪಾಲು ನಾವಿಕರು. ಲೆಕ್ಕ ಹೇಳುತ್ತಿದ್ದದ್ದು ಇಷ್ಟೇ: ದೋಣಿ ಹಿಡಿಯಲು ವಿಪರೀತ ಹೆಚ್ಚು, ದೇಶ ಆಳಲು ವಿಪರೀತ ಕಡಿಮೆ, ಹೊಡೆದು ಎತ್ತಿಕೊಂಡು ಹೋಗಲು ಸಾಕು. ಮಡುರೊ ಅವರನ್ನು ಮೊದಲು ಒಯ್ದದ್ದು ಅದೇ ಐವೊ ಜಿಮಾ ಹಡಗಿಗೆ.

ಕಾಗದಗಳ ಸರದಿ

ಹಡಗಿನ ಜೊತೆ ಕಾಗದಗಳೂ ಚಲಿಸುತ್ತವೆ. ಪ್ರತಿಯೊಂದು ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂದು ಬೇರೆ ಮಾಡಿ ಬರೆದುಕೊಳ್ಳಿ.

ದೋಷಾರೋಪ ವ್ಯಕ್ತಿಯ ಮೇಲಿನದು, ದೇಶದ ಮೇಲಿನದಲ್ಲ. ನೊರಿಯೆಗಾ ಮೇಲೆ 1988ರ ಫೆಬ್ರವರಿಯಲ್ಲಿ ಬಂತು. ಸೇನೆ ಬಂದದ್ದು 22 ತಿಂಗಳ ನಂತರ. ಮಡುರೊ ಮೇಲೆ 2020ರ ಮಾರ್ಚ್‌ನಲ್ಲಿ, 1.5 ಕೋಟಿ ಡಾಲರ್ ಬಹುಮಾನದ ಜೊತೆ. ಬಹುಮಾನ 2025ರ ಜನವರಿಯಲ್ಲಿ 2.5 ಕೋಟಿ, ಆಗಸ್ಟ್‌ನಲ್ಲಿ 5 ಕೋಟಿ ಆಯಿತು. ಏರಿಕೆಯ ತಾರೀಖುಗಳನ್ನು ಹಡಗುಗಳ ತಾರೀಖಿನ ಪಕ್ಕದಲ್ಲೇ ಬರೆಯಿರಿ; ಆಗಸ್ಟ್ ಸಾಲು ತಾನೇ ಮಾತಾಡುತ್ತದೆ.

ಭಯೋತ್ಪಾದಕ ಪಟ್ಟಿಯ ಬಗ್ಗೆ ನಮ್ಮ ಪತ್ರಿಕೆಗಳು ಪದೇ ಪದೇ ಎಡವುತ್ತವೆ. ಅಮೆರಿಕದ ವಿದೇಶಾಂಗ ಇಲಾಖೆ ಒಂದು ಗುಂಪನ್ನು ಆ ಪಟ್ಟಿಗೆ ಸೇರಿಸಿದರೆ ಅದರ ಹಣ ಸ್ತಂಭನವಾಗುತ್ತದೆ, ನೆರವು ಕೊಡುವುದು ಅಪರಾಧವಾಗುತ್ತದೆ, ವೀಸಾ ಸಿಗುವುದಿಲ್ಲ. ಬಾಂಬ್ ಹಾಕಲು ಅದು ಪರವಾನಗಿ ಅಲ್ಲ. 2025ರ ಫೆಬ್ರವರಿಯಲ್ಲಿ ವೆನೆಜುವೆಲಾ ಮೂಲದ ಅಪರಾಧಿ ಗುಂಪು ‘ತ್ರೆನ್ ದೆ ಅರಾಗ್ವಾ’, ನವೆಂಬರ್‌ನಲ್ಲಿ ‘ಕಾರ್ಟೆಲ್ ದೆ ಲೋಸ್ ಸೋಲೆಸ್’ ಪಟ್ಟಿ ಸೇರಿದವು. ಎರಡನೆಯದು ವೆನೆಜುವೆಲಾ ಜನರಲ್‌ಗಳ ಭುಜದ ಸೂರ್ಯಚಿಹ್ನೆಯಿಂದ ಹುಟ್ಟಿದ ಅಡ್ಡಹೆಸರು, ಸದಸ್ಯತ್ವ, ಕಚೇರಿ ಇರುವ ಸಂಘಟನೆಯಲ್ಲ. 2020ರ ದೋಷಾರೋಪ ಮಡುರೊ ಅವರನ್ನು ಅದರ ಮುಖ್ಯಸ್ಥ ಎಂದಿತ್ತು. 2026ರ ಜನವರಿಯಲ್ಲಿ ಬಯಲಾದ ಪರಿಷ್ಕೃತ ಆರೋಪಪಟ್ಟಿ ಅದನ್ನು ಭ್ರಷ್ಟ ಪೋಷಣೆಯ ವ್ಯವಸ್ಥೆ ಎಂಬಂತೆ ಬಣ್ಣಿಸಿತು. ಹಳೆಯ, ಹೊಸ ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟು ಓದುವ ರೂಢಿ ಇದ್ದರೆ ಇಂಥದ್ದು ಕಣ್ಣು ತಪ್ಪುವುದಿಲ್ಲ.

ಮೂರನೆಯದು ಗಡಿಯಾರ. ಅಮೆರಿಕದ 1973ರ ಯುದ್ಧಾಧಿಕಾರ ನಿರ್ಣಯದ ಪ್ರಕಾರ, ಸೇನೆಯನ್ನು ಕಾಳಗಕ್ಕೆ ಇಳಿಸಿದ 48 ಗಂಟೆಯೊಳಗೆ ಅಧ್ಯಕ್ಷರು ಕಾಂಗ್ರೆಸ್‌ಗೆ, ಅಂದರೆ ಅಲ್ಲಿನ ಸಂಸತ್ತಿಗೆ, ತಿಳಿಸಬೇಕು. ಒಪ್ಪಿಗೆ ಸಿಗದಿದ್ದರೆ 60 ದಿನಕ್ಕೆ ನಿಲ್ಲಿಸಬೇಕು. ಸೆಪ್ಟೆಂಬರ್ ಮೊದಲ ವಾರದಿಂದ ಎಣಿಸಿದರೆ ಗಡುವು ನವೆಂಬರ್ ಆರಂಭಕ್ಕೆ ಮುಗಿಯಿತು. ದೋಣಿಯಲ್ಲಿದ್ದವರು ತಿರುಗಿ ಹೊಡೆಯಲಾರರು, ಅಮೆರಿಕದ ಸೈನಿಕರಿಗೆ ಅಪಾಯವಿಲ್ಲ, ಹಾಗಾಗಿ ಇದು ಆ ಕಾನೂನು ಹೇಳುವ ‘ಕಾಳಗ’ವೇ ಅಲ್ಲ ಎಂದು ಟ್ರಂಪ್ ಸರ್ಕಾರ ವಾದಿಸಿತು. ಅದಕ್ಕೂ ಒಂದು ತಿಂಗಳ ಹಿಂದೆ ಇದೇ ಸರ್ಕಾರ ಕಾಂಗ್ರೆಸ್‌ಗೆ ಕೊಟ್ಟ ಸೂಚನೆಯಲ್ಲಿ ಕಾರ್ಟೆಲ್‌ಗಳ (ಮಾದಕ ವಸ್ತು ದಂಧೆಯ ಕೂಟಗಳ) ಜೊತೆ ‘ಸಶಸ್ತ್ರ ಸಂಘರ್ಷ’ ನಡೆದಿದೆ ಎಂದಿತ್ತು. ಎರಡನ್ನೂ ಒಂದೇ ಪುಟದಲ್ಲಿ ಬರೆದಿಟ್ಟುಕೊಳ್ಳಿ.

ಅಂತರರಾಷ್ಟ್ರೀಯ ಕಾನೂನಿಗೆ ಹೆಚ್ಚು ಹೊತ್ತು ಬೇಡ. ಕರಾವಳಿಯಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ., ಆ ದೇಶದ ನೀರು. ಅದರಾಚೆ ಅನುಮಾನದ ಹಡಗು ಕಂಡರೆ, 1988ರ ವಿಯೆನ್ನಾ ಒಪ್ಪಂದದ 17ನೇ ವಿಧಿಯಂತೆ, ಯಾವ ದೇಶದ ಧ್ವಜವೋ ಆ ದೇಶದ ಅನುಮತಿ ಪಡೆದು ಹತ್ತಬೇಕು. ಧ್ವಜವಿಲ್ಲದ ದೋಣಿಯನ್ನು ಹತ್ತಿ ಶೋಧಿಸಬಹುದು. ಶೋಧಿಸುವುದು ಬೇರೆ, ಮುಳುಗಿಸುವುದು ಬೇರೆ. ವಿಶ್ವಸಂಸ್ಥೆಯ ಮತ ಎಣಿಸುವಾಗ ಭದ್ರತಾ ಮಂಡಳಿ, ಸಾಮಾನ್ಯ ಸಭೆ ಎರಡನ್ನೂ ನೋಡಿ: ಪನಾಮಾ ದಾಳಿಯ ಖಂಡನೆ ಮಂಡಳಿಯಲ್ಲಿ ವೀಟೊಗೆ ಬಿತ್ತು, ಸಭೆಯಲ್ಲಿ 75–20ರಿಂದ ಗೆದ್ದಿತು.

ಸಾಕ್ಷ್ಯ ಕೈಗೆ ಸಿಗುತ್ತದೆಯೇ?

ಮುಳುಗಿದ ದೋಣಿಯಿಂದ ತೂಕದ ಚೀಟಿ ಬರುವುದಿಲ್ಲ, ಮಸುಕು ವಿಡಿಯೊ ಮಾತ್ರ ಬರುತ್ತದೆ. ಆದ್ದರಿಂದ ಬದುಕಿ ಉಳಿದವರು ಏನಾದರು ಎಂದು ಹಿಂಬಾಲಿಸಿ. 2025ರ ಅಕ್ಟೋಬರ್‌ನಲ್ಲಿ ಅರೆಮುಳುಗು ನೌಕೆಯೊಂದನ್ನು ಹೊಡೆದಾಗ ಇಬ್ಬರು ಉಳಿದರು. ಅವರನ್ನು ಅಮೆರಿಕದ ಕೋರ್ಟಿಗೆ ಒಯ್ಯಲಿಲ್ಲ. ಕೊಲಂಬಿಯಾಕ್ಕೂ ಈಕ್ವೆಡಾರ್‌ಗೂ ವಾಪಸ್ ಕಳಿಸಿದರು. ಈಕ್ವೆಡಾರ್ ತನ್ನವನನ್ನು ಬಿಟ್ಟುಬಿಟ್ಟಿತು.

ದಾಳಿಯ ಮರುದಿನದ ‘ಜಪ್ತಿ’ ಸುದ್ದಿಗೆ ಒಂದು ತಿಂಗಳು ಕಾಯುವುದು ಒಳ್ಳೆಯದು. ನೊರಿಯೆಗಾ ಬಳಸುತ್ತಿದ್ದ ಮನೆಯಲ್ಲಿ ಸುಮಾರು 50 ಕೆ.ಜಿ. ಕೊಕೇನ್ ಸಿಕ್ಕಿತೆಂದು ಅಮೆರಿಕದ ಸೇನೆ ಸಾರಿತ್ತು. ಪರೀಕ್ಷೆ ಮಾಡಿದರೆ ಅದು ತಮಾಲೆ: ಮೆಕ್ಕೆಜೋಳದ ಹಿಟ್ಟನ್ನು ಬಾಳೆಲೆಯಲ್ಲಿ ಸುತ್ತಿ ಬೇಯಿಸುವ ತಿಂಡಿ, ನಮ್ಮ ಕರಾವಳಿಯ ಎಲೆಕಡುಬಿನ ದಾಯಾದಿ.

ಹಾಗೆಂದು ಎದುರು ಬದಿಗೆ ಜಾರಬೇಡಿ. ನೊರಿಯೆಗಾ ವರ್ಷಗಟ್ಟಲೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಸಂಬಳ ಪಡೆದವನು, ಮತ್ತು 1992ರಲ್ಲಿ ಮಯಾಮಿ ನ್ಯಾಯಾಲಯದಲ್ಲಿ ತಪ್ಪಿತಸ್ಥನೆಂದು ಸಾಬೀತಾದವನೂ ಹೌದು. ಸಿಲಿಯಾ ಫ್ಲೋರೆಸ್ ಅವರ ಇಬ್ಬರು ಸೋದರಳಿಯಂದಿರಿಗೆ ಕೊಕೇನ್ ಪ್ರಕರಣದಲ್ಲಿ ನ್ಯೂಯಾರ್ಕ್‌ನಲ್ಲಿ 18 ವರ್ಷ ಶಿಕ್ಷೆಯಾಗಿತ್ತು. ಆರೋಪ ನಿಜವಾಗಿದ್ದೂ ನೆಪವಾಗಿರಬಹುದು. ನೆಪವೇ ಎಂದು ತೂಗಲು ಇನ್ನೊಬ್ಬ ಆರೋಪಿಗೆ ಏನಾಯಿತು ನೋಡಿ: ಕೊಕೇನ್ ಸಾಗಣೆಗೆ 45 ವರ್ಷ ಶಿಕ್ಷೆಯಾಗಿದ್ದ ಹೊಂಡುರಾಸ್‌ನ ಮಾಜಿ ಅಧ್ಯಕ್ಷ ಹುವಾನ್ ಒರ್ಲಾಂಡೊ ಹೆರ್ನಾಂಡೆಸ್ ಅವರಿಗೆ ಟ್ರಂಪ್ ಕ್ಷಮಾದಾನ ಕೊಟ್ಟದ್ದು 2025ರ ಡಿಸೆಂಬರ್ ಮೊದಲ ದಿನಗಳಲ್ಲಿ. ಅದೇ ತಿಂಗಳ 10ರಂದು ವೆನೆಜುವೆಲಾ ತೀರದಾಚೆ ಅಮೆರಿಕ ವಶಪಡಿಸಿಕೊಂಡದ್ದು ತೈಲ ಟ್ಯಾಂಕರ್. ತೈಲದ ಎಳೆ ಭಾರತಕ್ಕೂ ತಾಗುತ್ತದೆ: ಒಎನ್‌ಜಿಸಿ ವಿದೇಶ್‌ಗೆ ಅಲ್ಲಿನ ಸಾನ್ ಕ್ರಿಸ್ಟೊಬಲ್ ತೈಲಕ್ಷೇತ್ರದಲ್ಲಿ ಶೇ 40 ಪಾಲಿದೆ, ಮತ್ತು ಆ ದೇಶದ ಕಚ್ಚಾತೈಲ ಕೊಳ್ಳುವವರ ಮೇಲೆ ಶೇ 25 ಸುಂಕದ ಬೆದರಿಕೆ 2025ರ ಮಾರ್ಚ್‌ನಲ್ಲೇ ಬಂದಿತ್ತು.

ಕೊನೆಯ ಹೆಜ್ಜೆಗೆ ತಾಳ್ಮೆ ಬೇಕು. ವಿಶ್ವಸಂಸ್ಥೆಯ ಮಾದಕ ವಸ್ತು ವರದಿ ಪ್ರತಿ ಜೂನ್ 26ರ ಆಸುಪಾಸಿನಲ್ಲಿ ಬರುತ್ತದೆ, ಮತ್ತು ಅಂಕಿಗಳು ಎರಡು ವರ್ಷ ಹಿಂದಿನವು. 2025ರ ವರದಿಯಲ್ಲಿದ್ದದ್ದು 2023ರ ಬೆಳೆ. ಅಂದರೆ ಕರಾಕಸ್ ದಾಳಿಯಿಂದ ಕೊಕೇನ್ ಕಡಿಮೆಯಾಯಿತೇ ಎಂಬ ಲೆಕ್ಕ ಕೈಸೇರುವುದು 2028ರ ಜೂನ್‌ನಲ್ಲಿ. ಅಲ್ಲಿಯವರೆಗೆ ಯಾರು ಯಶಸ್ಸು ಸಾರಿದರೂ ಆ ಸಾಲನ್ನು ಪೆನ್ಸಿಲ್‌ನಲ್ಲೇ ಬರೆದಿಡಿ.