ಮೊದಲ ಕಾರಿನ ಇನ್ಶೂರೆನ್ಸ್ ಪ್ರೀಮಿಯಂ ಇಳಿಸಿದ್ದು ಹೀಗೆ
ಮೊದಲ ಕಾರು, ಹಳೆಯ ಪಾಲಿಸಿ ಇಲ್ಲ. ಕೇಳಿದ ಕಡೆಯೆಲ್ಲ ಪ್ರೀಮಿಯಂ ಜಾಸ್ತಿ. ಶೋರೂಮಿನಲ್ಲಿ ಚೌಕಾಸಿ ಮಾಡಿದೆ, ಆಗಲಿಲ್ಲ. ಕಾರಿನ ವಿಮಾ ಮೌಲ್ಯ ಇಳಿಸಿದರೆ ಪ್ರೀಮಿಯಂ ಇಳಿಯಿತು, ಆದರೆ ಕಾರು ಕಳುವಾದರೆ ಸಿಗುವ ಹಣವೂ ಇಳಿಯುತ್ತೆ ಅಲ್ವಾ? ಬಿಟ್ಟೆ.

ಕೊನೆಗೆ ಕೆಲಸ ಮಾಡಿದ್ದು ಇದು. ಹಾಳೆಯಲ್ಲಿ ನಾಲ್ಕು ಸಾಲು ಬರೆದೆ: ಪಾಲಿಸಿಯ ಬಗೆ, ವಿಮಾ ಮೌಲ್ಯ, ಕ್ಲೇಮ್‌ನಲ್ಲಿ ನಾನು ಕೈಯಿಂದ ಕೊಡುವ ಮೊತ್ತ, ಆಡ್-ಆನ್‌ಗಳು (ಬೇರೆ ಹಣ ಕೊಟ್ಟು ಸೇರಿಸುವ ಹೆಚ್ಚುವರಿ ರಕ್ಷಣೆ). ಎಲ್ಲ ಕಂಪನಿಗೂ ಇವೇ ನಾಲ್ಕನ್ನು ಕೊಟ್ಟು ದರ ಕೇಳಿದೆ. ಇಲ್ಲದಿದ್ದರೆ ಹೋಲಿಕೆಗೆ ಅರ್ಥವೇ ಇಲ್ಲ. ಆಮೇಲೆ ಆಡ್-ಆನ್ ಎಲ್ಲ ತೆಗೆಸಿ, ಒಂದೊಂದೇ ಸೇರಿಸುತ್ತಾ ಎಷ್ಟು ಏರಿತು ಅಂತ ಪಕ್ಕದಲ್ಲೇ ಬರೆದೆ. ಕೀ ಕಳೆದರೆ ಅನ್ನುವ ಆಡ್-ಆನ್ ಸುಮ್ನೆ ಸೇರಿಕೊಂಡಿತ್ತು, ಅದನ್ನು ಬಿಟ್ಟೆ. ಕೊನೆಯಲ್ಲಿ ಕೈಯಿಂದ ಕೊಡುವ ಮೊತ್ತವನ್ನು ಒಂದು ಹಂತ ಏರಿಸಿದೆ, ಪ್ರೀಮಿಯಂ ಇಳಿಯಿತು. ಅಷ್ಟು ಹಣ ಉಳಿತಾಯದಲ್ಲಿ ಇದ್ದರೆ ಮಾತ್ರ ಏರಿಸಿ.