ಪ್ರೊಫೈಲಲ್ಲಿ ಎಕ್ಸ್‌ಪರ್ಟ್ ಅಂತ ಇದೆಯಾ? ಮೊದ್ಲು ಡಿಫೆನ್ಸ್ ನೋಡಿ

ಬ್ರಿಡ್ಜ್ ಅನ್ನೋ ಎಲೆ ಆಟಕ್ಕೆ ಆನ್‌ಲೈನಲ್ಲಿ ಒಳ್ಳೆ ಪಾರ್ಟ್ನರ್ ಹುಡುಕೋರಿಗೆ ಇದು. ಬ್ರಿಡ್ಜ್ ಬೇಸ್ ಆನ್‌ಲೈನ್ ಅನ್ನೋ ಸೈಟಲ್ಲಿ ಲೆವೆಲ್ ಯಾರೂ ಪರೀಕ್ಷೆ ಮಾಡಿ ಕೊಡಲ್ಲ, ನಾವೇ ಹಾಕ್ಕೋಳೋದು, ನಾವಿಸ್ ಇಂದ ವರ್ಲ್ಡ್ ಕ್ಲಾಸ್ ವರೆಗೆ ಏನ್ ಬೇಕಾದ್ರೂ. ಮದುವೆಮನೇಲಿ ನಾಲ್ಕು ಹಾಡು ಹೇಳಿದೋರೆಲ್ಲ ವಿದ್ವಾನ್ ಅಂತ ಬೋರ್ಡ್ ತಗುಲಿಸ್ಕೊಂಡಂಗೆ.

ಕನ್ವೆನ್ಷನ್ (ಪಾರ್ಟ್ನರ್‌ಗಳು ಮೊದಲೇ ಒಪ್ಕೊಂಡಿರೋ ಬಿಡ್ ಸಂಕೇತ) ಲಿಸ್ಟ್ ನೋಡಿನೂ ಮರುಳಾಗ್ಬೇಡಿ. ಪ್ರೊಫೈಲ್ ತುಂಬ ಕನ್ವೆನ್ಷನ್ ಬರ್ಕೊಂಡಿದ್ದ ಒಬ್ರ ಜೊತೆ ಕೂತಿದ್ದೆ, ಎದುರಾಳಿ ಹೇಳಿದಷ್ಟು ಗೆಲ್ಲಲ್ಲ ಅಂತ ನಾನು ಪೆನಲ್ಟಿ ಡಬಲ್ ಹೊಡೆದ್ರೆ ಎರಡು ಸಲನೂ ಅದನ್ನ ಅಲ್ಲಿಗೆ ಬಿಡದೆ ತಮ್ಮ ಸೂಟ್ ಹೇಳಿ, ಹೇಳಿದಷ್ಟು ಗೆಲ್ಲದೆ ಡೌನ್ ಆದ್ರು, ಆಮೇಲೆ ನನಗೇ ಪಾಠ.

ನಾನು ನೋಡೋದು ಡಿಫೆನ್ಸ್, ಅಂದ್ರೆ ಎದುರಾಳಿ ಹೇಳಿದಷ್ಟು ಟ್ರಿಕ್ (ನಾಲ್ಕು ಎಲೆಯ ಒಂದು ಸುತ್ತು) ಗೆಲ್ಲದಂಗೆ ತಡೆಯೋದು. ಎದುರಾಳಿ 3 ನೋಟ್ರಂಪ್ (ತುರುಪಿಲ್ಲದೆ 9 ಟ್ರಿಕ್ ಗೆಲ್ಲೋ ಪಣ) ಆಡ್ತಿದಾರೆ ಅಂದ್ಕೊಳ್ಳಿ, ಡಮ್ಮೀಲಿ (ಮೇಜಿನ ಮೇಲೆ ತೆರೆದಿಟ್ಟ ಅವರ ಜೊತೆಗಾರರ ಕೈ) ಡೈಮಂಡ್ ರಾಜ, ರಾಣಿ, ಜಾಕಿ, 10, 5, ಅಲ್ಲಿಗೆ ಹೋಗೋಕೆ ಬೇರೆ ಎಂಟ್ರಿನೇ ಇಲ್ಲ, ನಿಮ್ಮ ಹತ್ರ ಎಕ್ಕ, 7, 4. ಎಕ್ಕ ಯಾವಾಗ ಹೊಡೀಬೇಕು ಅನ್ನೋದು ಪಾರ್ಟ್ನರ್ ಎಲೆ ಹಾಕೋ ಕ್ರಮದಲ್ಲೇ ಹೇಳ್ಬೇಕು. ಅವರು 8 ಹಾಕಿ ಆಮೇಲೆ 2 ಹಾಕಿದ್ರೆ ಅವರ ಹತ್ರ ಎರಡೇ ಎಲೆ, ಡಿಕ್ಲೇರರ್ (ತಮ್ಮ ಕೈ, ಡಮ್ಮಿ ಎರಡನ್ನೂ ಆಡೋ ಎದುರಾಳಿ) ಹತ್ರ ಮೂರು, ಎಕ್ಕ ಮೂರನೇ ಸುತ್ತಲ್ಲಿ ಹೊಡೀರಿ. ಮೊದ್ಲು 2, ಆಮೇಲೆ ದೊಡ್ಡದು ಹಾಕಿದ್ರೆ ಮೂರು ಎಲೆ, ಆಗ ಎರಡನೇ ಸುತ್ತಲ್ಲೇ ಹೊಡೆದ್ರೆ ಡಿಕ್ಲೇರರ್ ಹತ್ರ ಡೈಮಂಡ್ ಖಾಲಿ, ಡಮ್ಮಿ ಸತ್ತಂಗೆ. ಇಂಥ ಜಾಗದಲ್ಲಿ ಕೈಗೆ ಸಿಕ್ಕಿದ ಎಲೆ ಎಸೆಯೋರು ಏನೇ ಬರ್ಕೊಂಡಿರ್ಲಿ, ಇಂಟರ್ಮೀಡಿಯಟ್ ದಾಟಿಲ್ಲ.

ಅವರೇ ಡಿಕ್ಲೇರರ್ ಆದಾಗ ಡಮ್ಮಿ ಇಳಿದ ಕೂಡ್ಲೇ ಪಟ್ ಅಂತ ಎಲೆ ಬಿತ್ತಾ, ಇಲ್ಲ ಸ್ವಲ್ಪ ಹೊತ್ತು ನಿಂತ್ರಾ? ಒಳ್ಳೆಯವರು ನಿಧಾನ ಮಾಡೋದು ಮೊದಲನೇ ಟ್ರಿಕ್ಕಲ್ಲಿ, ಕೊನೇಲಿ ಉಳಿದ ಟ್ರಿಕ್ ಇಷ್ಟು ನಮ್ಮದು ಅಂತ ಕ್ಲೇಮ್ ಮಾಡಿ ಎದ್ದುಬಿಡ್ತಾರೆ. ಇನ್ನೊಂದು, ಒಂದು ಸೂಟಿನ ಆರು ಎಲೆ ಎದುರಾಳಿಗಳ ಹತ್ರ ಇದ್ದಾಗ ಅದು 3-3 ಒಡೆಯೋದು ಸುಮಾರು 36 ಪರ್ಸೆಂಟ್ ಅಷ್ಟೇ, ಫಿನೆಸ್ (ದೊಡ್ಡ ಎಲೆ ಇಂಥ ಎದುರಾಳಿ ಹತ್ರ ಇದೆ ಅಂತ ನಂಬಿ ಅದಕ್ಕಿಂತ ಸಣ್ಣದರಲ್ಲೇ ಗೆಲ್ಲೋ ಪ್ರಯತ್ನ) 50, ಎರಡನ್ನೂ ಒಂದರ ಹಿಂದೆ ಒಂದು ಟ್ರೈ ಮಾಡೋ ದಾರಿ ಇದ್ರೆ ಅದನ್ನ ಹುಡುಕೋರು ಸಿಕ್ರೆ ಬಿಡ್ಬೇಡಿ.

ಆಟ ಮುಗಿದ ಮೇಲೆ ಸುಮ್ನೆ ಕೇಳಿ, ಇಸ್ಪೇಟ್ 9 ಯಾರ ಹತ್ರ ಇತ್ತು ಅಂತ. ಎಣಿಸ್ತಾ ಆಡಿದೋರಿಗೆ ನೆನಪಿರುತ್ತೆ.

ಟೂರ್ನಿ ಸ್ಕೋರಿನ ಪರ್ಸೆಂಟೇಜ್ ಹೇಳ್ಕೊಂಡ್ರೆ ಎಲ್ಲಿ ಬಂದಿದ್ದು ಅಂತನೂ ಕೇಳಿ. ರೋಬಾಟ್ ಟೂರ್ನಿಲಿ ಎಷ್ಟೋ ಸಲ ಟೇಬಲಲ್ಲಿ ಚೆನ್ನಾಗಿರೋ ಕೈ ನಮಗೇ ಕೊಡ್ತಾರೆ, ಅದನ್ನ ಮನುಷ್ಯರ ಜೊತೆ ಆಡಿದ 55ಕ್ಕೆ ಹೋಲಿಸೋಕಾಗಲ್ಲ. ಒಂದು ಸಂಜೆಯ 12 ಬೋರ್ಡೂ (ಎಲೆ ಹಂಚಿ ಆಡೋ ಒಂದೊಂದು ಆಟ) ಲೆಕ್ಕಕ್ಕಿಲ್ಲ, ಅದೃಷ್ಟ ಜಾಸ್ತಿ. ಅದಕ್ಕಿಂತ ಅವರ ಟೇಬಲ್ಲಿಗೆ ಹೋಗಿ ಸುಮ್ನೆ ಕಿಬಿಟ್ಜ್ ಮಾಡಿ, ಅಂದ್ರೆ ಆಡದೆ ನೋಡ್ತಾ ಕೂತ್ಕೊಳ್ಳಿ, ಅವರ ಕೈ ಮತ್ತೆ ಡಮ್ಮಿ ಮಾತ್ರ ನೋಡ್ಕೊಂಡು ನೀವಾಗಿದ್ರೆ ಏನ್ ಹಾಕ್ತಿದ್ರಿ ಅಂತ ಮನಸ್ಸಲ್ಲೇ ಹೇಳ್ಕೊಳ್ಳಿ, ಆಮೇಲೆ ಅವರೇನ್ ಹಾಕಿದ್ರು ನೋಡಿ.