ಶತ್ರುಗಳಿಗೆ ಹೆಸರಿಡುವಾಗ ನಾನು ಹಿಡಿದ ದಾರಿ

ನಾವು ಕೆಲವರು ಸೇರಿ ಮಾಡುತ್ತಿರುವ ಕನ್ನಡ ಫ್ಯಾಂಟಸಿ ಗೇಮ್‌ನ ಎರಡನೇ ಭಾಗಕ್ಕೆ ಕೈ ಹಾಕಿದಾಗ ನಾನು ಮೊದಲು ಕೂತಿದ್ದು ಶತ್ರುಗಳ ಹೆಸರಿನ ಪಟ್ಟಿಗೆ. ಚಿತ್ರ, ಸದ್ದು ಎಲ್ಲ ಆಮೇಲೆ. ಹೆಸರು ಕಂಡ ಕೂಡಲೇ ಆಡುವವರಿಗೆ ‘ಓ, ಇದು ಅದರ ಅಣ್ಣ, ಹುಷಾರು’ ಅನ್ನಿಸಬೇಕು. ಹೊಡೆತ ತಿಂದ ಮೇಲೆ ಗೊತ್ತಾದರೆ ಹೆಸರು ಇಟ್ಟು ಏನು ಬಂತು?

ಇದನ್ನು ನಾನು ಕಲಿತದ್ದು ಡ್ರ್ಯಾಗನ್ ಕ್ವೆಸ್ಟ್ ಅನ್ನುವ ಜಪಾನಿ ವಿಡಿಯೋ ಗೇಮ್ ಸರಣಿಯಿಂದ. 1986ರಲ್ಲಿ ಜಪಾನಿನಲ್ಲಿ ನಿಂಟೆಂಡೊ ಗೇಮ್ ಯಂತ್ರವಾದ ಫ್ಯಾಮಿಕಾಮ್‌ಗೆ ಬಂದ ಮೊದಲ ಆಟದ ಗಾತ್ರ ಬರೀ 64 ಕಿಲೋಬೈಟ್. ಜಾಗ ಉಳಿಸೋಕೆ ಜಪಾನಿನ ಕಟಕಾನ ಲಿಪಿಯ 20 ಅಕ್ಷರ ಮಾತ್ರ ಒಳಗಿಟ್ಟಿದ್ದರು. ಆ ಲಿಪಿಯಲ್ಲಿ ಬರೆಯುವ ಹೆಸರೆಲ್ಲ ಅಷ್ಟರಲ್ಲೇ ಹುಟ್ಟಬೇಕಿತ್ತು. ಚಿತ್ರಕ್ಕೂ ಅದೇ ಪಾಡು. ಒಂದೇ ಚಿತ್ರಕ್ಕೆ ಬೇರೆ ಬಣ್ಣ ಬಳಿದರೆ ಹೊಸ ಶತ್ರು. ನೀಲಿ ಇದ್ದದ್ದು ಸ್ಲೈಮ್ ಅನ್ನುವ ಲೋಳೆಮುದ್ದೆ, ಕೆಂಪಗಾದರೆ ಸ್ಲೈಮ್ ಬೆಸ್, ಲೋಹವಾದರೆ ಮೆಟಲ್ ಸ್ಲೈಮ್. 1987ರ ಎರಡನೇ ಆಟದಲ್ಲಿ ಹೊಯಿಮಿ ಸ್ಲೈಮ್ ಬಂತು. ಹೊಯಿಮಿ ಅಂದರೆ ಆ ಸರಣಿಯಲ್ಲಿ ಗಾಯ ವಾಸಿ ಮಾಡುವ ಮಂತ್ರ. ಮೊದಲ ಆಟ ಆಡಿದವರಿಗೆ ಹೆಸರು ನೋಡಿದರೇ ಸಾಕು, ಮೊದಲು ಇದನ್ನು ಮುಗಿಸಬೇಕು, ಇಲ್ಲದಿದ್ದರೆ ಪಕ್ಕದವರನ್ನೆಲ್ಲ ಎಬ್ಬಿಸಿ ಕೂರಿಸುತ್ತದೆ ಅಂತ ತಿಳಿಯುತ್ತದೆ. 1990ರ ನಾಲ್ಕನೇ ಆಟದಲ್ಲಿ ಎಂಟು ಸ್ಲೈಮ್‌ಗಳು ಒಟ್ಟಾಗಿ ಕಿಂಗ್ ಸ್ಲೈಮ್ ಆದವು. ಎಷ್ಟು ಚೆಂದದ ಲೆಕ್ಕ ಅಲ್ವಾ!

ನಾನೂ ಒಂದು ಸ್ಪ್ರೆಡ್‌ಶೀಟ್ ತೆರೆದೆ. ಎಡಗಡೆ ಮೂಲ ಹೆಸರುಗಳು: ಗುಮ್ಮ, ಚೇಳು, ಬಾವಲಿ, ಉಡ. ಮೇಲಿನ ಸಾಲಿನಲ್ಲಿ ಅವಕ್ಕೆ ಮುಂದೆ ಅಂಟುವ ಪದಗಳು. ‘ಮರಿ’ ಇದ್ದರೆ ಸುಲಭದ ಶತ್ರು. ‘ಕೆಂ’ ಇದ್ದರೆ ಬೆಂಕಿ ಉಗುಳುತ್ತದೆ, ನೀರಿಗೆ ಹೆದರುತ್ತದೆ. ‘ಕಲ್ಲು’ ಇದ್ದರೆ ಕತ್ತಿ ನಾಟುವುದಿಲ್ಲ. ಗುಂಪಿನ ಒಡೆಯನಿಗೆ ‘ಹೆಬ್ಬಾವು’, ‘ಹೆಗ್ಗಣ’ದಲ್ಲಿ ಇರುವ ಅದೇ ‘ಹೆ’. ಹೀಗೆ ಕೆಂಗುಮ್ಮ, ಕಲ್ಲುಚೇಳು, ಹೆಗ್ಗುಮ್ಮ, ಹೆಬ್ಬಾವಲಿ ಸಿಕ್ಕವು. ಉಡದ ಜಾಗದಲ್ಲಿ ಮೊದಲು ಹಲ್ಲಿ ಇತ್ತು. ಅದರ ಒಡೆಯ ಹೆಬ್ಬಲ್ಲಿ ಆಗುತ್ತಾನೆ. ಧಾರವಾಡದ ಕಡೆಯವರ ಕಿವಿಗೆ ಅದು ಹೆಬ್ಬಳ್ಳಿ ಊರಿನ ಹೆಸರಿನ ಥರವೇ ಬೀಳುತ್ತದೆ. ಹಾಗಾಗಿ ಹಲ್ಲಿ ಹೋಗಿ ಉಡ ಬಂತು. ಹೆಬ್ಬುಡ ಅನ್ನುವಾಗ ಬಾಯಿ ತುಂಬುತ್ತದೆ, ನನಗೆ ತುಂಬಾ ಇಷ್ಟದ ಹೆಸರು.

ಒಂದು ವಿಷಯದಲ್ಲಿ ನಾನು ಜಗ್ಗುವುದಿಲ್ಲ. ಮುಂದೆ ಅಂಟಿಸಿದ ಪದ ಇಡೀ ಸರಣಿಯಲ್ಲಿ ಎಲ್ಲೂ ಸುಳ್ಳು ಹೇಳಬಾರದು. ನಮ್ಮ ಚಿತ್ರಕಾರ ವಿಷದ ಚೇಳನ್ನು ಕೆಂಪು ಬಣ್ಣದಲ್ಲಿ ಬರೆದು ತಂದರು. ಬಹಳ ಚೆನ್ನಾಗಿತ್ತು. ಆದರೂ ಹಸಿರು ಮಾಡಿಸಿದೆ. ಕೆಂಪು ಅಂದರೆ ಬೆಂಕಿ ಅಂತ ಆಡುವವರಿಗೆ ಮೊದಲ ಭಾಗದಿಂದ ಹೇಳಿಕೊಂಡು ಬಂದಿದ್ದೇವೆ.

ಯಾವ ಗುಂಪಿಗೂ ಸೇರದ ಒಂಟಿ ಪ್ರಾಣಿಗಳಿಗೆ ಅವು ಮಾಡುವ ಕೆಲಸವನ್ನೇ ಹೆಸರಾಗಿಸಿದೆ. ಹಳ್ಳಿಯವರು ಹಾವಿಗೆ ಮಣ್ಣುಮುಕ್ಕ, ಹಕ್ಕಿಗೆ ಮರಕುಟಿಗ ಅಂತ ಇಟ್ಟಿಲ್ವಾ, ಹಾಗೆ. ನಮ್ಮ ಗುಹೆಯಲ್ಲಿ ದೀಪನುಂಗ ಅಂತ ಒಂದಿದೆ. ಬಂದ ತಕ್ಷಣ ನಿಮ್ಮ ಪಂಜು ಆರಿಸುತ್ತದೆ.

ಪುರಾಣದ ಹೆಸರುಗಳನ್ನು ಮಾತ್ರ ನಾನು ಮುಟ್ಟಲಿಲ್ಲ. ಫೈನಲ್ ಫ್ಯಾಂಟಸಿ 14 ಅನ್ನುವ ಜಪಾನಿ ಆಟದಲ್ಲಿ ಗರುಡನ ಜೊತೆ, ರಾವಣನ ಜೊತೆ ಕಾದಾಡಬಹುದು. ಜಪಾನಿನ ಆಟಗಾರರಿಗೆ ಅವು ಹೊಸ ಹೆಸರುಗಳು ಇರಬಹುದು. ನಮ್ಮವರಿಗೆ ಹಾಗಲ್ಲ. ಗರುಡ ಅಂದ ಕೂಡಲೇ ಅಜ್ಜಿ ಹೇಳಿದ ಕಥೆ ನೆನಪಾಗುತ್ತದೆ, ನಾನು ಬರೆದ ಕಥೆಗೆ ಅಲ್ಲಿ ಜಾಗವೇ ಇರುವುದಿಲ್ಲ.

ಇನ್ನು ಪರದೆಯ ವಿಚಾರ. ಹೆಸರು ಐದು ಅಕ್ಷರ ದಾಟದಂತೆ ನೋಡಿಕೊಂಡೆ, ಕಾದಾಟದ ಪಟ್ಟಿಯಲ್ಲಿ ಅಷ್ಟೇ ಹಿಡಿಯುವುದು. ಸಂದೇಶವನ್ನು ಒಂದೊಂದೇ ಅಕ್ಷರವಾಗಿ ತೋರಿಸುವಾಗ ‘ಹೆಗ್ಗುಮ್ಮ’ದ ಒತ್ತು ಕಳಚಿ ಬೀಳುತ್ತದೆ. ಅದಕ್ಕೆ ಶತ್ರುವಿನ ಹೆಸರು ಬಂದಾಗ ಇಡೀ ಪದ ಒಟ್ಟಿಗೆ ಮೂಡುವ ಹಾಗೆ ಕೋಡ್ ಬರೆದೆವು. ಒಂದೇ ಥರದ ಎರಡು ಬಂದರೆ ಅ, ಆ ಅಂತ ಸೇರಿಸುವ ಯೋಚನೆ ಇತ್ತು. ಮೊಬೈಲಿನ ಸಣ್ಣ ಪರದೆಯಲ್ಲಿ ಅವೆರಡೂ ಒಂದೇ ಥರ ಕಾಣುತ್ತವೆ. ಈಗ ಕೆಂಗುಮ್ಮ 1, ಕೆಂಗುಮ್ಮ 2 ಅಂತಲೇ ಬರುತ್ತದೆ.